ಅವರೆ ಬೇರಿನ ಗಂಟು

ನ್ಯೂ ಟೌನಿನ ನಮ್ಮ ಸಾಲಿನಲ್ಲಿ ಮನೆ ಚಿಕ್ಕದು, ಹಿತ್ತಲು ದೊಡ್ಡದು. ಹಿತ್ತಲೆಂದ ಮೇಲೆ ಒಂದು ಕರಿಬೇವು, ಒಂದು ನುಗ್ಗೆ, ನಾಲ್ಕು ಬಾಳೆ, ಮಳೆಗಾಲದ ಕೊನೆಗೆ ಚಪ್ಪರಕ್ಕೆ ಹಬ್ಬಿಸಿದ ಅವರೆ ಇರಲೇಬೇಕು. ಇಲ್ಲದಿದ್ದರೆ ಆ ಮನೆಯ ಹೆಂಗಸು ಮೈಗಳ್ಳಿ ಎಂದು ಸಾಲಿನವರೆಲ್ಲರ ತೀರ್ಮಾನ. ಈ ತೀರ್ಮಾನಕ್ಕೆ ಹೆದರಿಯೇ ನಾನು ಮೂವತ್ತು ವರ್ಷಗಳಿಂದ ಹಿತ್ತಲಿನ ಮಣ್ಣು ಕೆದಕುತ್ತಾ ಬಂದಿದ್ದೇನೆ.

ಹೋದ ವರ್ಷ ಅವರೆಗೆ ಸ್ವಲ್ಪ ಹೆಚ್ಚೇ ಉಪಚಾರ ಮಾಡಿದೆ. ಮಗಳು ಹೆರಿಗೆಗೆ ಬರುವವಳಿದ್ದಳು. ಅವಳಿಗೆ ಅವರೆಕಾಯಿ ಎಂದರೆ ಪ್ರಾಣ. ಚಳಿಗೆ ಸೊಗಡು ಏರಿದ ಕಾಯಿ ಬಿಡಿಸಿ, ಕಾಳು ಹಿತಕಿ, ಸಾರು ಮಾಡಿ, ಹೆರಿಗೆಗೆ ಮುಂಚೆ ಅವಳಿಗೆ ಮನದಣಿಯೆ ತಿನ್ನಿಸಬೇಕೆಂದು ಆಗಸ್ಟಿನಲ್ಲೇ ಬೀಜ ಊರಿದೆ. ಬಳ್ಳಿ ಮೇಲೇಳುತ್ತಿದ್ದಂತೆ ಗೊಬ್ಬರದಂಗಡಿಯಿಂದ ಯೂರಿಯಾ ತಂದು ವಾರ ವಾರವೂ ಬುಡಕ್ಕೆ ಹಾಕಿದೆ. ಬಸುರಿ ಮಗಳಿಗೆ ತುಪ್ಪ ಬಡಿಸಿದ ಹಾಗೆ, ಕೈ ಹಿಡಿಯಲೇ ಇಲ್ಲ.

ಬಳ್ಳಿ ನನ್ನ ಉಪಚಾರಕ್ಕೆ ಮೆಚ್ಚಿ ಬೆಳೆದದ್ದೇ ಬೆಳೆದದ್ದು. ಎಲೆಗಳು ಅಂಗೈಯಗಲ, ಬಣ್ಣ ಕಡುಹಸಿರು. ಚಪ್ಪರದ ಕೆಳಗೆ ಹಗಲಿನಲ್ಲೂ ಕತ್ತಲೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ನವೆಂಬರ್ ಬಂತು. ಹೂವು ಮಾತ್ರ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಗೊನೆ ಇಣುಕಿ, ಉದುರಿ ಹೋಯಿತು. ಪಕ್ಕದ ಮನೆಯ ಅಕ್ಕನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾನಾಗಿ ಹುಟ್ಟಿದ ಬಳ್ಳಿ, ಎಲೆ ಕಾಣದಷ್ಟು ಕಾಯಿ ಹೊತ್ತು ನಿಂತಿತ್ತು.

ಆ ಅಕ್ಕ ಹೊಳೆಹೊನ್ನೂರು ಕಡೆಯ ರೈತರ ಮನೆಯ ಹೆಣ್ಣುಮಗಳು. ಬೇಲಿಯ ಮೇಲಿಂದ ಬಗ್ಗಿ ನೋಡಿ ಕೇಳಿದರು:

‘ಏನ್ ಹಾಕಿದ್ರಿ ಬುಡಕ್ಕೆ?’

‘ಯೂರಿಯಾ ಅಕ್ಕ.’

‘ಅಯ್ಯೋ ನನ್ನ ತಂಗಿ! ಅವರೆಗೆ ಯಾರಾದ್ರೂ ಯೂರಿಯಾ ಹಾಕ್ತಾರಾ? ದಿನಾ ಮನೆ ಬಾಗಿಲಿಗೆ ಊಟ ಬಂದ್ರೆ ಒಲೆ ಯಾರು ಹಚ್ತಾರೆ ಹೇಳಿ!’

ನಾನು ಕೋಪದಿಂದ ಒಂದು ಬಳ್ಳಿಯನ್ನು ಬುಡಸಹಿತ ಕಿತ್ತೆ. ಅಕ್ಕನೂ ಕಲ್ಲಿನ ಸಂದಿಯಲ್ಲಿ ಎದ್ದಿದ್ದ ಒಂದು ಎಳೆ ಸಸಿಯನ್ನು ಮೆಲ್ಲನೆ ಎಬ್ಬಿಸಿ, ಮಣ್ಣು ಕೊಡವಿ, ನನ್ನ ಬಳ್ಳಿಯ ಪಕ್ಕ ಹಿಡಿದರು. ನನ್ನ ಬಳ್ಳಿಯ ಬೇರು ನುಣುಪಾಗಿ, ಬಿಳಿ ದಾರದ ಹಾಗಿತ್ತು. ಅವರ ಸಸಿಯ ಬೇರಿನ ತುಂಬ ಸಾಸಿವೆ ಗಾತ್ರದಿಂದ ಮೆಣಸಿನಕಾಳಿನ ಗಾತ್ರದವರೆಗೆ ಗಂಟುಗಳು. ಅಕ್ಕ ಒಂದು ಗಂಟನ್ನು ಉಗುರಿನಲ್ಲಿ ಸೀಳಿದರು. ಒಳಗೆ ನಸುಗೆಂಪು! ಎಳೆಮಗುವಿನ ಒಸಡಿನ ಬಣ್ಣ.

ನನಗೆ ನಾಚಿಕೆಯಾಯಿತು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಈ ಬೇರುಗಂಟಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಗಿಟ್ಟಿಸಿದವಳು ನಾನು. ‘ರೈಜೋಬಿಯಂ’ ಎಂಬ ಹೆಸರು ಇಂದಿಗೂ ಬಾಯಿಪಾಠ. ಆದರೆ ಒಂದು ಗಂಟನ್ನು ಸೀಳಿ ನೋಡಿದ್ದು ಆವತ್ತೇ ಮೊದಲು, ಅದೂ ಏಳನೇ ಕ್ಲಾಸಿನವರೆಗೆ ಓದಿದ ಅಕ್ಕನ ಉಗುರಿನ ತುದಿಯಲ್ಲಿ.

ಆವತ್ತು ಹಳೆಯ ಪಾಠವನ್ನೆಲ್ಲ ನೆನಪಿಗೆ ತಂದುಕೊಂಡೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಗಿಡಕ್ಕೆ ಸಾರಜನಕವಿಲ್ಲದೆ ಎಲೆಯಿಲ್ಲ, ಕಾಳಿಲ್ಲ. ಆದರೂ ಗಾಳಿಯಲ್ಲಿರುವುದನ್ನು ಅದು ಮುಟ್ಟಲಾರದು. ಸುತ್ತ ಸಮುದ್ರ, ಕುಡಿಯಲು ನೀರಿಲ್ಲ ಎಂಬ ಸ್ಥಿತಿ. ಆಗ ಅವರೆ, ತೊಗರಿ, ಅಲಸಂದೆ, ಶೇಂಗಾ ಜಾತಿಯ ಗಿಡಗಳು ಒಂದು ಉಪಾಯ ಮಾಡುತ್ತವೆ. ಬೇರಿನಿಂದ ಒಂದು ರಸವನ್ನು ಮಣ್ಣಿಗೆ ಬಿಡುತ್ತವೆ. ಅದು ಅರಿಶಿನ ಕುಂಕುಮಕ್ಕೆ ಕರೆದ ಹಾಗೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿ ಆ ಕರೆಗೆ ಓಗೊಟ್ಟು, ತಾನೂ ಒಂದು ಗುರುತಿನ ರಸವನ್ನು ಹೊರಬಿಡುತ್ತದೆ. ಗುರುತು ಸರಿಹೋದರೆ ಬೇರಿನ ಕೂದಲು ಬಾಗಿ ಅದನ್ನು ತಬ್ಬಿಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೆಂದೇ ಕಟ್ಟಿದ ಕೋಣೆ ಈ ಗಂಟು. ಗಿಡ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಅಲ್ಲಿಗೆ ಕಳಿಸುತ್ತದೆ. ಒಳಗಿನವರು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿ ಕೊಡುತ್ತಾರೆ. ಹೀಗೆ ಕೂಡಿ ಬಾಳುವುದಕ್ಕೆ ಜರ್ಮನಿಯ ಆಂಟನ್ ಡಿ ಬಾರಿ 1878ರಲ್ಲಿ ಒಂದು ಹೆಸರು ಕೊಟ್ಟ. ನಾವು ಅದನ್ನು ಸಹಜೀವನ ಎನ್ನುತ್ತೇವೆ. ಕಾಳಿನ ಗಿಡಗಳ ಗಂಟಿನಲ್ಲಿ ನಡೆಯುವುದು ಇದೇ ಎಂದು ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಎಂಬ ಜರ್ಮನಿಯ ಇಬ್ಬರು 1888ರಲ್ಲಿ ತೋರಿಸಿಕೊಟ್ಟರು.

ಮತ್ತೆ ನನ್ನ ಬಳ್ಳಿಯೇಕೆ ಗಂಟು ಕಟ್ಟಲಿಲ್ಲ? ಅಕ್ಕ ಹೇಳಿದ್ದೇ ಸರಿ. ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಗಿಡ ಅತಿಥಿಗಳನ್ನು ಕರೆಯುವ ಗೋಜಿಗೇ ಹೋಗುವುದಿಲ್ಲ. ಸುಮ್ಮನೆ ಸಕ್ಕರೆ ಯಾಕೆ ಖರ್ಚು? ಪುಕ್ಕಟೆ ಸಿಕ್ಕಿದ್ದನ್ನು ತಿಂದು ಎಲೆ ಬೆಳೆಸಿಕೊಂಡು ಕೂತಿತು.

ನಮ್ಮವರಿಗೆ ಇದನ್ನೆಲ್ಲ ವಿವರಿಸಿದಾಗ ಅವರಿಗೆ ರುಚಿಸಿದ್ದು ಆ ನಸುಗೆಂಪು ಬಣ್ಣ. ‘ಅದ್ಯಾಕೆ ಕೆಂಪು?’ ಎಂದರು. ‘ಕಬ್ಬಿಣ’ ಎಂದೆ. ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯಲ್ಲಿ ದುಡಿದವರು ನೆಟ್ಟಗೆ ಕೂತರು.

ನಮ್ಮ ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ನಿಗೆ ಗಿಡದಲ್ಲೊಬ್ಬ ದಾಯಾದಿಯಿದ್ದಾನೆ. ಲೆಗ್‌ಹಿಮೋಗ್ಲೋಬಿನ್ ಎಂದು ಹೆಸರು. ಅದರ ನಡುವೆಯೂ ಕಬ್ಬಿಣ. ಸಾರಜನಕವನ್ನು ಒಗ್ಗಿಸುವ ಕಿಣ್ವ ಬಲು ನಾಜೂಕು, ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಆದರೆ ಕೋಣೆಯೊಳಗಿನವರಿಗೆ ಉಸಿರಾಡಲು ಆಮ್ಲಜನಕ ಬೇಕು. ಹಾಗಾಗಿ ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಎಷ್ಟು ಬೇಕೋ ಅಷ್ಟೇ ಅಳೆದು ಕೊಡುತ್ತದೆ. ಆ ನಾಜೂಕಿನ ಕಿಣ್ವದ ಒಡಲಲ್ಲೂ ಕಬ್ಬಿಣವೇ.

ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಯೂರಿಯಾಕ್ಕೆ ಅಮೋನಿಯಾ ಬೇಕಲ್ಲ, ಅದನ್ನ ಮಾಡೋಕೆ ಫ್ಯಾಕ್ಟರಿಯಲ್ಲೂ ಕಬ್ಬಿಣವನ್ನೇ ಇಡ್ತಾರೆ ಕಣೇ. ನಾನೂರೈನೂರು ಡಿಗ್ರಿ ಶಾಖ, ಗಾಳಿಯ ಒತ್ತಡದ ಇನ್ನೂರು ಪಟ್ಟು ಒತ್ತಡ. ಇದು ತಣ್ಣನೆ ಮಣ್ಣಿನಲ್ಲಿ ಕೂತು ಅದೇ ಕೆಲಸ ಮಾಡ್ತದಾ?’ ಎಂದರು. ಈ ಊರು ಹುಟ್ಟಿದ್ದೇ ಬೆಂಕಿ ಮತ್ತು ಕಬ್ಬಿಣದಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನಂತೆ 1918ರಲ್ಲಿ ಕೆಲಸ ಆರಂಭವಾಗಿ, 1923ರಲ್ಲಿ ಇಲ್ಲಿನ ಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ರಾತ್ರಿ ಆಕಾಶ ಕೆಂಪಾದರೆ ‘ಕಬ್ಬಿಣ ಇಳಿಸ್ತಿದಾರೆ’ ಎಂದು ಅತ್ತೆ ಹೇಳುತ್ತಿದ್ದರು. ಅಷ್ಟೆಲ್ಲ ಬೆಂಕಿ ನೋಡಿದ ಮನುಷ್ಯ ಕೈಯಲ್ಲಿ ಒಂದು ಸಾಸಿವೆ ಕಾಳಿನಷ್ಟು ಗಂಟನ್ನು ಹಿಡಿದು ಬೆರಗಾಗಿ ಕೂತಿದ್ದರು.

ಕರೆದು ಮನೆ ಕೊಟ್ಟ ಮಾತ್ರಕ್ಕೆ ಗಿಡ ಕಣ್ಣು ಮುಚ್ಚಿ ಕೂರುವುದಿಲ್ಲ ಎಂಬುದೂ ಸ್ವಾರಸ್ಯದ ವಿಷಯ. ಸೋಯಾ ಗಿಡದ ಮೇಲೆ ಪ್ರಯೋಗ ಮಾಡಿ 2003ರಲ್ಲಿ ವಿಜ್ಞಾನಿಗಳು ಇದನ್ನು ಬರೆದರು. ಸಾರಜನಕ ಕೊಡದೆ ಸುಮ್ಮನೆ ಉಣ್ಣುವವರಿರುವ ಗಂಟಿಗೆ ಗಿಡ ಆಮ್ಲಜನಕ ಕಡಿಮೆ ಮಾಡಿಬಿಡುತ್ತದಂತೆ. ‘ಪಕ್ಕಾ ನಮ್ಮ ಅತ್ತೆ’ ಎಂದು ಅಕ್ಕ ನಕ್ಕರು. ನನಗೆ ಮಾತ್ರ ನಮ್ಮ ಸಾಲುಮನೆಗಳು ನೆನಪಾದವು. ಕಾರ್ಖಾನೆ ಮನೆ ಕೊಟ್ಟಿತು, ನೀರು ಕೊಟ್ಟಿತು. ಇವರು ರಾತ್ರಿ ಪಾಳಿ, ಬೆವರು, ತೋಳಿನ ಮೇಲೆ ಸುಟ್ಟ ಕಲೆ ಕೊಟ್ಟರು. ಬಳ್ಳಿ ಒಣಗಿದಾಗ ಗಂಟು ಒಡೆದು ಒಳಗಿದ್ದವರು ಮಣ್ಣಿಗೆ ಸೇರಿ, ಇನ್ನೊಂದು ಬೇರಿನ ಕರೆ ಬರುವವರೆಗೆ ಕಾಯುತ್ತಾರೆ. ನಮ್ಮ ಸಾಲಿನ ಮಕ್ಕಳೂ ಹಾಗೆಯೇ ಬೆಂಗಳೂರು, ಪುಣೆ ಎಂದು ಚದುರಿದರು.

ಇದು ಬೇರಿನ ಕಥೆ ಮಾತ್ರವಲ್ಲ. ಅಕ್ಕನ ಮನೆಯ ಹಸುವಿನ ಹೊಟ್ಟೆಯಲ್ಲೂ ಇಂಥದೇ ಸಂಸಾರವಿದೆ. ಹಸು ಹುಲ್ಲು ತಿನ್ನುತ್ತದೆ ನಿಜ. ಆದರೆ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಅದರ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲನೆಯದು ದೊಡ್ಡದೊಂದು ಹಂಡೆ. ಅಲ್ಲಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ಕೊಟ್ಟದ್ದೇ ಹಸುವಿಗೆ ಆಹಾರ. ನಾವು ಬೆಳಿಗ್ಗೆ ಕಾಫಿಗೆ ಹಾಕುವ ಹಾಲು ಅವರ ದುಡಿಮೆ. ಒಮ್ಮೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಉಳಿದ ಒಂದು ದೊಡ್ಡ ಪಾತ್ರೆ ಅನ್ನವನ್ನು ಪುಣ್ಯ ಬರಲೆಂದು ಆ ಹಸುವಿಗೆ ಸುರಿದೆ. ಪುಣ್ಯ ಬರಲಿಲ್ಲ. ಹಸು ಮೆಲುಕು ನಿಲ್ಲಿಸಿ ಮಲಗಿಬಿಟ್ಟಿತು. ಅಷ್ಟೊಂದು ಅನ್ನ ಒಮ್ಮೆಲೇ ಬಿದ್ದರೆ ಹುಳಿ ಮಾಡುವ ಜೀವಿಗಳೇ ಮೇಲುಗೈಯಾಗಿ, ನಾರು ಕರಗಿಸುವವು ಸಾಯುತ್ತವೆ ಎಂದು ಡಾಕ್ಟರು ಬೈದರು. ಔಷಧಿ ಕೊಟ್ಟ ಮೇಲೆ, ಬೇರೊಂದು ಆರೋಗ್ಯವಂತ ಹಸುವಿನ ಹೊಟ್ಟೆಯ ರಸವನ್ನು ತೆಗೆದು ಇದಕ್ಕೆ ಕುಡಿಸಿದರು. ಮೂರನೇ ದಿನ ಅದು ಮೆಲುಕು ಹಾಕಿತು. ಅಕ್ಕ ಕಣ್ಣೊರೆಸಿಕೊಂಡು, ‘ಹಾಲು ಒಡೆದ್ಮೇಲೆ ಬೇರೆ ಮನೆಯಿಂದ ಹೆಪ್ಪು ತಂದ ಹಾಗಾಯ್ತು’ ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿದಿತ್ತು.

ಡಿಸೆಂಬರ್ ಮೊದಲ ವಾರದಲ್ಲೇ ಮಗಳಿಗೆ ಹೆರಿಗೆಯಾಯಿತು, ಆಪರೇಷನ್ ಮಾಡಬೇಕಾಯಿತು. ಹೆಣ್ಣುಮಗು. ಆಸ್ಪತ್ರೆಯ ಮಂಚದ ಮೇಲೆ ಮಗಳು ಅಳುತ್ತಿದ್ದಳು. ಹಾಲು ಸರಿಯಾಗಿ ಇಳಿದಿರಲಿಲ್ಲ. ನೋಡಲು ಬಂದ ಬಂಧುಗಳು ತಲೆಗೊಂದು ಮಾತಾಡಿದರು. ಅವರಲ್ಲೊಬ್ಬರು, ‘ಮೊದಲಿನ ಹಳದಿ ಹಾಲು ಮಗುಗೆ ಆಗಿಬರಲ್ಲ, ಹಿಂಡಿ ಚೆಲ್ಲಿಬಿಡಮ್ಮ’ ಎಂದರು.

ನನ್ನ ಎದೆ ಧಸಕ್ಕೆಂದಿತು. 1992ರಲ್ಲಿ ಇದೇ ಮಗಳು ಹುಟ್ಟಿದಾಗ ಇದೇ ಮಾತನ್ನು ನಾನು ಕೇಳಿಸಿಕೊಂಡಿದ್ದೆ. ಬಿ.ಎಸ್ಸಿ. ಓದಿದವಳು, ಎದುರಾಡಲಿಲ್ಲ. ಮೂರು ದಿನ ಹಳೆಯ ಸೀರೆಯ ಚೂರಿಗೆ ಹಿಂಡಿ ಹಿಂಡಿ ಬಚ್ಚಲಿಗೆ ಒಗೆದೆ. ಮಗುವಿಗೆ ಬತ್ತಿಯಲ್ಲಿ ಸಕ್ಕರೆ ನೀರು, ಜೇನುತುಪ್ಪ. ಆ ವರ್ಷವಿಡೀ ಮಗುವಿನ ಹೊಟ್ಟೆ ಸರಿಯಿರಲಿಲ್ಲ. ಅದರಿಂದಲೇ ಹೀಗಾಯಿತು ಎನ್ನಲು ನಾನು ಡಾಕ್ಟರಲ್ಲ. ಆದರೂ ಅವಳು ಕೆಮ್ಮಿದರೆ, ಕೃಶವಾದರೆ, ಆ ಸೀರೆಯ ಚೂರು ನನ್ನ ಕಣ್ಣ ಮುಂದೆ ಬರುತ್ತಿತ್ತು. ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಆವತ್ತು ಮಕ್ಕಳ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಳದಿ ಹಾಲಿನ ಮಾತು ಕೇಳಿ ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಪಾಠ ಹೇಳುವ ಹಾಗೆ ಹೇಳಿದರು: ‘ಒಂದು ಹನೀನೂ ಚೆಲ್ಲಬೇಡಿ. ತಾಯಿ ಹಾಲಲ್ಲಿ ಮಗುಗೆ ಜೀರ್ಣವೇ ಆಗದ ಒಂದು ಸಕ್ಕರೆ ಇರುತ್ತೆ. ಈ ಮೊದಲ ಹಾಲಲ್ಲಿ ಅದು ಇನ್ನೂ ಜಾಸ್ತಿ. ಯಾಕೆ ಹೇಳಿ ನೋಡೋಣ?’

ನಾವೆಲ್ಲ ಮುಖ ಮುಖ ನೋಡಿಕೊಂಡೆವು.

‘ಅದು ಮಗುಗೆ ಅಲ್ಲ. ಮಗು ಹೊಟ್ಟೆಯಲ್ಲಿ ಬಂದು ನೆಲೆಸೋರಿಗೆ.’

ನಾನು ಮನೆಗೆ ಬಂದ ಮೇಲೆ ಹುಡುಕಿ ಹುಡುಕಿ ಓದಿದೆ. ಡಾಕ್ಟರು ಹೇಳಿದ್ದು ಅಕ್ಷರಶಃ ನಿಜ. ತಾಯಿಯ ಹಾಲಿನಲ್ಲಿ ನೀರನ್ನು ಬಿಟ್ಟರೆ ಹೆಚ್ಚಿರುವುದು ಹಾಲಿನ ಸಕ್ಕರೆ, ಆಮೇಲೆ ಕೊಬ್ಬು, ಮೂರನೆಯದು ಈ ಜೀರ್ಣವಾಗದ ಸಕ್ಕರೆಗಳ ಗುಂಪು. ನೂರಕ್ಕೂ ಹೆಚ್ಚು ಬಗೆಯವಿವೆ. ಅವು ಮಗುವಿನ ಜಠರದಲ್ಲಿ ಕರಗದೆ ದೊಡ್ಡ ಕರುಳಿನವರೆಗೆ ಇಳಿದು, ಅಲ್ಲಿರುವ ಬೈಫಿಡೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತವೆ. ಎದೆಹಾಲು ಕುಡಿಯುವ ಕೂಸುಗಳಲ್ಲಿ ಈ ಜೀವಿಗಳನ್ನು ಮೊದಲು ಕಂಡವನು ಪ್ಯಾರಿಸ್ಸಿನ ಹೆನ್ರಿ ತಿಸಿಯೆ, 1899ರ ಸುಮಾರಿಗೆ. ಉಂಡವರು ಋಣ ಇಟ್ಟುಕೊಳ್ಳುವುದಿಲ್ಲ. ಕರುಳನ್ನು ಹದವಾದ ಹುಳಿಯಲ್ಲಿಟ್ಟು ಭೇದಿ ತರುವ ಕೆಟ್ಟ ಜೀವಿಗಳಿಗೆ ಜಾಗ ಸಿಗದಂತೆ ಮಾಡುತ್ತಾರೆ, ಕರುಳಿನ ಗೋಡೆಯನ್ನು ಗಟ್ಟಿ ಮಾಡುತ್ತಾರೆ, ಮಗುವಿನ ರೋಗನಿರೋಧಕ ಶಕ್ತಿಗೆ ಪಾಠ ಹೇಳುತ್ತಾರೆ.

ಯೋಚಿಸಿ ನೋಡಿ. ಹೆತ್ತು ಸುಸ್ತಾದ ತಾಯಿಯ ಮೈ, ತನ್ನ ಶಕ್ತಿ ಖರ್ಚು ಮಾಡಿ, ಕಣ್ಣಿಗೆ ಕಾಣದ ಯಾರೋ ಅತಿಥಿಗಳಿಗೆ ಅಡುಗೆ ಮಾಡುತ್ತಿದೆ! ಆ ಅತಿಥಿಗಳಲ್ಲಿ ಹಲವರು ಅವಳ ಮೈಯಿಂದಲೇ ಮಗುವಿಗೆ ಹೋದವರು. ಸಹಜ ಹೆರಿಗೆಯಾದರೆ ಹಾದಿಯಲ್ಲೇ ಮಗುವಿಗೆ ತಾಯಿಯ ಜೀವಿಗಳು ಅಂಟುತ್ತವೆ. ಆಪರೇಷನ್ನಿನಲ್ಲಿ ಆ ಹಾದಿ ತಪ್ಪುತ್ತದೆ. ಅಷ್ಟಕ್ಕೇ ಎಲ್ಲ ಮುಗಿಯಿತೆಂದಲ್ಲ. ಅಪ್ಪಿಕೊಂಡಾಗ ತಾಯಿಯ ಚರ್ಮದಿಂದ, ಹಾಲಿನಿಂದ ಅವು ಬರುತ್ತವೆ, ತಡವಾದರೂ ಬರುತ್ತವೆ. ಅಕ್ಕನ ಮಾತು ಈಗ ಅರ್ಥವಾಯಿತು. ತಾಯಿ ಮಗುವಿಗೆ ಹೆಪ್ಪು ಹಾಕುತ್ತಾಳೆ. ನಾನು 1992ರಲ್ಲಿ ಬಚ್ಚಲಿಗೆ ಚೆಲ್ಲಿದ್ದು ಬರೀ ಹಾಲಲ್ಲ.

ಆವತ್ತು ರಾತ್ರಿ ಮಗಳ ಪಕ್ಕ ಕೂತು ಮೊದಲ ಸಲ ಆ ಸಂಗತಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ದಿನ ತಾನೇ ಅಮ್ಮ ಚೆಲ್ಲಿದ್ದು, ಆಮೇಲೆ ಎರಡು ವರ್ಷ ಕುಡಿಸಿದ್ದೀಯಲ್ಲ’ ಎಂದಳು. ಹಿಂಡಿ ತೆಗೆದ ಹಳದಿ ಹಾಲನ್ನು ನಾನೇ ಚಮಚದಲ್ಲಿ ಮೊಮ್ಮಗಳ ಬಾಯಿಗೆ ಬಿಟ್ಟೆ. ನಾಲ್ಕನೇ ದಿನ ಹಾಲು ತುಂಬಿ ಬಂತು. ಆ ನಡುವೆ ಎರಡು ಹೊತ್ತು ಡಾಕ್ಟರು ಹೇಳಿದ ಅಳತೆಯಲ್ಲಿ ಡಬ್ಬಿ ಹಾಲನ್ನೂ ಕೊಟ್ಟೆವು. ಮಗು ಹಸಿದಿರಬಾರದು. ಹಾಲೇ ಬಾರದ ತಾಯಂದಿರಿದ್ದಾರೆ, ಅವರ ಮಕ್ಕಳೂ ಚೆನ್ನಾಗಿ ಬೆಳೆದಿವೆ. ಅವರ ಮುಂದೆ ಹಾಲಿನ ಹಿರಿಮೆ ಹೊಗಳಿ ನೋಯಿಸುವುದು ಬೇಡ.

ಆಂಟಿಬಯಾಟಿಕ್ ವಿಷಯದಲ್ಲೂ ಅಂದಿನಿಂದ ನಾನು ಬದಲಾದೆ. ಆಪರೇಷನ್ನಿಗೆ ಡಾಕ್ಟರು ಕೊಟ್ಟದ್ದು ಬೇಕಾದದ್ದೇ, ಜೀವ ಉಳಿಸುವಂಥದ್ದೇ. ಆದರೆ ಶೀತಕ್ಕೆ, ಸಣ್ಣ ಭೇದಿಗೆ, ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಗುಳಿಗೆ ತಂದು ನುಂಗುವ ನನ್ನ ಅಭ್ಯಾಸವಿತ್ತಲ್ಲ, ಅದು ಅವರೆಗೆ ಹಿಡಿ ಹಿಡಿ ಯೂರಿಯಾ ಹಾಕಿದಂಥದೇ ಬುದ್ಧಿವಂತಿಕೆ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಲೆಕ್ಕ ಹಾಕಿದ್ದಾರೆ. ನಮ್ಮದೇ ಜೀವಕೋಶಗಳೂ ಹೆಚ್ಚು ಕಡಿಮೆ ಅಷ್ಟೇ. ಆ ಗುಳಿಗೆಗೆ ಕಳ್ಳ ಯಾರು, ನೆಂಟ ಯಾರು ಎಂದು ಗೊತ್ತಾಗುವುದಿಲ್ಲ.

ಬಾಣಂತನ ಶುರುವಾಯಿತು. ಮಗಳಿಗೆ ಅವರೆಕಾಳಿನ ಆಸೆ. ಅಕ್ಕನ ಬಳ್ಳಿಯ ಸೊಗಡು ಬೇಲಿ ದಾಟಿ ಕಿಟಕಿಯಲ್ಲಿ ಬರುತ್ತಿತ್ತು. ‘ಬಾಣಂತಿಗೆ ಅವರೆಯಾ? ವಾಯು!’ ಎಂದು ನಾನೇ ಕಣ್ಣು ಬಿಟ್ಟೆ. ಮಗಳು ನಕ್ಕಳು. ‘ಅಮ್ಮ, ಆ ವಾಯು ಯಾಕೆ ಬರುತ್ತೆ ಓದಿದೀಯಾ?’

ಓದಿದ್ದೆ. ಅವರೆಯಲ್ಲೂ ನಮ್ಮ ಹೊಟ್ಟೆಗೆ ಕರಗದ ಕೆಲವು ಸಕ್ಕರೆಗಳಿವೆ. ಅವು ನೆಟ್ಟಗೆ ದೊಡ್ಡ ಕರುಳಿಗಿಳಿದು ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬದೂಟವಾಗುತ್ತವೆ. ಅವರು ಉಂಡು ತೇಗಿದ್ದೇ ನಮ್ಮ ವಾಯು! ಬೇರಿನಲ್ಲಿದ್ದಾಗ ಅಲ್ಲಿನವರಿಗೆ ಉಣಿಸುವ ಅವರೆ, ತಟ್ಟೆಗೆ ಬಂದ ಮೇಲೆ ಒಳಗಿನವರಿಗೂ ಉಣಿಸುತ್ತದೆ. ತಾಯಿಯ ಹಾಲೂ ಅದೇ ಕೆಲಸ ಮಾಡುತ್ತದೆ. ನಾವು ‘ಜೀರ್ಣವಾಗದ್ದು’ ಎಂದು ದೂರುವುದೆಲ್ಲ ವ್ಯರ್ಥವಲ್ಲ, ಪಂಕ್ತಿಯಲ್ಲಿ ಬೇರೆಯವರಿಗೆ ಹಾಕಿದ ಎಲೆ. ಆದರೆ ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಆ ಪಂಕ್ತಿಯೂಟ ಬೇಡವೆಂದು ಇನ್ನಷ್ಟು ದಿನ ತಡೆದೆ. ಸಂಕ್ರಾಂತಿ ಕಳೆದ ಮೇಲೆ ಅಕ್ಕ ಒಂದು ಬುಟ್ಟಿ ಕಾಯಿ ಕೊಟ್ಟರು. ರಾತ್ರಿ ನೆನೆಸಿ, ನೀರು ಚೆಲ್ಲಿ, ಸಿಪ್ಪೆ ಹಿತಕಿ, ಇಂಗು ಶುಂಠಿ ಹಾಕಿ ಸಾರು ಮಾಡಿದೆ. ನೆನೆಸಿದ ನೀರಿನಲ್ಲಿ ಆ ಸಕ್ಕರೆಯ ಸ್ವಲ್ಪ ಭಾಗ ಹೋಗುತ್ತದೆ. ಅಜ್ಜಿಯಂದಿರು ಯಾವ ಪುಸ್ತಕ ಓದಿ ಇದನ್ನು ಕಲಿತರೋ! ಮಗಳು ಎರಡು ಸಲ ಬಡಿಸಿಕೊಂಡಳು. ತಾಯಿಗೂ ಮಗುವಿಗೂ ಏನೂ ಆಗಲಿಲ್ಲ.

ಈ ವರ್ಷ ಯೂರಿಯಾದ ಮಾತಿಲ್ಲ. ಹಳೆಯ ಬಳ್ಳಿಯನ್ನು ಕೀಳದೆ ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಿಗೇ ಬಿಟ್ಟಿದ್ದೇನೆ. ನಮ್ಮ ಹಿತ್ತಲಿನ ಮೂಲೆಯಲ್ಲಿರುವುದು ಮನೆ ರಿಪೇರಿಯಾದಾಗ ತಂದು ಸುರಿದ ಜಲ್ಲಿ ಮಣ್ಣು. ಅಲ್ಲಿ ಅವರೆಯ ನೆಂಟರು ಇದ್ದಾರೋ ಇಲ್ಲವೋ. ಕೃಷಿ ಇಲಾಖೆಯವರ ಬಳಿ ರೈಜೋಬಿಯಂ ಪೊಟ್ಟಣ ಸಿಗುತ್ತದೆ, ಬೀಜಕ್ಕೆ ಬೆಲ್ಲದ ನೀರಿನಲ್ಲಿ ಸವರಿ ಊರಬಹುದು. ಆದರೆ ನನಗೆ ಹಳೆಯ ದಾರಿಯೇ ಹಿತವೆನಿಸಿತು. ಒಂದು ಬಟ್ಟಲು ಹಿಡಿದು ಬೇಲಿಯ ಹತ್ತಿರ ನಿಂತು, ‘ಅಕ್ಕಾ, ನಿಮ್ಮ ಬಟ್ಟೆ ಒಗೆಯೋ ಕಲ್ಲಿನ ಪಕ್ಕದ ಮಣ್ಣು ಎರಡು ಹಿಡಿ ಕೊಡ್ತೀರಾ?’ ಎಂದೆ.

‘ಸಕ್ಕರೆ ಕೇಳಿದೋರನ್ನ ನೋಡಿದೀನಿ, ಹೆಪ್ಪು ಕೇಳಿದೋರನ್ನ ನೋಡಿದೀನಿ. ಮಣ್ಣು ಕಡ ಕೇಳೋರನ್ನ ಇವತ್ತೇ ನೋಡಿದ್ದು’ ಎಂದು ಅಕ್ಕ ಬಟ್ಟಲು ತುಂಬಿಸಿ ಕೊಟ್ಟರು. ಬರಿ ಬಟ್ಟಲು ಹಿಂದಿರುಗಿಸಬಾರದೆಂದು, ಅದರಲ್ಲಿ ನಾಲ್ಕು ಎಸಳು ಕರಿಬೇವು ಹಾಕಿ ಕೊಟ್ಟು ಬಂದೆ.